ಬೀಗ ಮುರಿಯದೆ ಬಾಗಿಲು ತೆರೆದವನು

ಕನ್ನ ಹಾಕುವುದೆಂದರೆ ಹಿಂದೆ ಗೋಡೆ ಕೊರೆಯುವುದೇ ಆಗಿತ್ತು. ಶೂದ್ರಕನ ‘ಮೃಚ್ಛಕಟಿಕ’ ನಾಟಕದ ಶರ್ವಿಲಕ ಚಾರುದತ್ತನ ಮನೆ ಹೊಕ್ಕಿದ್ದೂ ಹೀಗೆಯೇ. ಗೋಡೆಯಲ್ಲಿ ಕಿಂಡಿ ಬಿದ್ದಿದ್ದರೆ ಕಳ್ಳ ಬಂದದ್ದು ಎಲ್ಲರಿಗೂ ಗೊತ್ತಾಗುತ್ತದೆ. ಆದರೆ ಗೋಡೆ ಭದ್ರವಾಗಿದೆ, ಬೀಗ ಹಾಕಿದಂತೆಯೇ ಇದೆ, ಒಳಗಿನ ಪೆಟ್ಟಿಗೆ ಮಾತ್ರ ಬರಿದಾಗಿದೆ ಎಂದಾದರೆ? ಆಗ ಅನುಮಾನ ಬೀಳುವುದು ಬೀಗದ ಕೈ ಇಟ್ಟುಕೊಂಡವರ ಮೇಲೆ, ಮನೆಯಾಳುಗಳ ಮೇಲೆ.

ಈ ತೊಡಕಿಗೆ ಉತ್ತರ ಹುಡುಕಿದವರಲ್ಲಿ ಇಂಗ್ಲೆಂಡಿನವರು ಪ್ರಮುಖರು. ಜೋಸೆಫ್ ಬ್ರಾಮಾ 1784ರಲ್ಲಿ ಹೊಸ ಬಗೆಯ ಬೀಗಕ್ಕೆ ಪೇಟೆಂಟ್ ಪಡೆದ. ಬೀಗದ ಕೈ ಇಲ್ಲದೆ ಅದನ್ನು ತೆರೆಯುವ ಸಲಕರಣೆ ಮಾಡಿದವರಿಗೆ 200 ಗಿನಿ ಬಹುಮಾನವೆಂದು ಲಂಡನ್ನಿನ ಪಿಕಡಿಲಿಯ ಅಂಗಡಿಯ ಕಿಟಕಿಯಲ್ಲಿ ಬೀಗವನ್ನೇ ಇಡಲಾಗಿತ್ತು. ದಶಕಗಳು ಕಳೆದರೂ ಯಾರೂ ಗೆಲ್ಲಲಿಲ್ಲ. 1818ರಲ್ಲಿ ಪೇಟೆಂಟ್ ಪಡೆದ ಜೆರೆಮಿಯಾ ಚಬ್‌ನ ಬೀಗ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅನ್ಯರು ಕೈಯಾಡಿಸಿ ಒಳಗಿನ ಸನ್ನೆಯನ್ನು ಹೆಚ್ಚು ಎತ್ತಿದರೆ ಅದು ಸಿಕ್ಕಿಕೊಳ್ಳುತ್ತಿತ್ತು. ಯಾರೋ ಪ್ರಯತ್ನಿಸಿದ್ದಾರೆಂದು ಒಡೆಯನಿಗೆ ತಿಳಿಯುತ್ತಿತ್ತು.

1851ರ ಲಂಡನ್ ಮಹಾ ಪ್ರದರ್ಶನಕ್ಕೆ ಅಮೆರಿಕದಿಂದ ಆಲ್‌ಫ್ರೆಡ್ ಚಾರ್ಲ್ಸ್ ಹಾಬ್ಸ್ ಬಂದ. ಬೀಗ ತಯಾರಿಸುವ ಕಂಪೆನಿಯೊಂದರ ಪ್ರತಿನಿಧಿ ಆತ. ಸಾಕ್ಷಿಗಳ ಎದುರು ಚಬ್ ಬೀಗವನ್ನು ಸುಮಾರು 25 ನಿಮಿಷಗಳಲ್ಲಿ ತೆರೆದು, 7 ನಿಮಿಷಗಳಲ್ಲಿ ಮತ್ತೆ ಹಾಕಿಬಿಟ್ಟ. ಬ್ರಾಮಾ ಬೀಗ ಅಷ್ಟು ಸುಲಭಕ್ಕೆ ಮಣಿಯಲಿಲ್ಲ. 16 ದಿನಗಳಲ್ಲಿ ಒಟ್ಟು 51 ಗಂಟೆ ಹಿಡಿಯಿತು. ಕಂಪೆನಿ ತಕರಾರು ತೆಗೆದರೂ ತೀರ್ಪುಗಾರರು ಹಾಬ್ಸ್‌ನ ಪರ ನಿಂತರು. ಬಹುಮಾನ ಅವನ ಪಾಲಾಯಿತು.

ಪತ್ರಿಕೆಗಳಲ್ಲಿ ಗದ್ದಲವೆದ್ದಿತು. ಇಂಥ ವಿದ್ಯೆಯನ್ನು ಬಹಿರಂಗಪಡಿಸಿದರೆ ಕಳ್ಳರಿಗೆ ಪಾಠ ಹೇಳಿಕೊಟ್ಟಂತಲ್ಲವೇ ಎಂಬುದು ಒಂದು ವಾದ. ಕಳ್ಳರಿಗೆ ಇದು ಮೊದಲೇ ಗೊತ್ತು, ಗೊತ್ತಿಲ್ಲದಿರುವುದು ಮನೆಯವರಿಗೆ ಮಾತ್ರ ಎಂಬುದು ಹಾಬ್ಸ್‌ನ ನಿಲುವು. ದೋಷ ಬಯಲಾದದ್ದರಿಂದ ಒಳ್ಳೆಯದೇ ಆಯಿತು. ತಯಾರಕರು ತಮ್ಮ ಬೀಗಗಳನ್ನು ತಿದ್ದಿದರು. ಹಾಬ್ಸ್ ಕೂಡ ಲಂಡನ್ನಿನಲ್ಲೇ ಬೀಗದ ಕಂಪೆನಿ ತೆರೆದ.

ಇಂದು ಜಗತ್ತಿನ ಬಹಳಷ್ಟು ಮನೆಬಾಗಿಲುಗಳಲ್ಲಿರುವುದು ಅಮೆರಿಕದ ಲೈನಸ್ ಯೇಲ್ ಕಿರಿಯ 1860ರ ದಶಕದಲ್ಲಿ ರೂಪಿಸಿದ ಪಿನ್ ಬೀಗದ ಮಾದರಿ. ಅದರ ಮೂಲ ತತ್ವ ಪ್ರಾಚೀನ ಈಜಿಪ್ಟಿನ ಮರದ ಬೀಗಗಳಲ್ಲೇ ಇತ್ತು. ಇದನ್ನೂ ಮುರಿಯದೆ ತೆರೆಯಬಲ್ಲವರಿದ್ದಾರೆ. ಆದರೆ ಸಲಕರಣೆ ಆಡಿದ ಕಡೆ ಪಿನ್ನುಗಳ ಮೇಲೆ ಸಣ್ಣ ಗೀರುಗಳು ಉಳಿಯಬಹುದು. ತಜ್ಞರು ಬೀಗ ಬಿಚ್ಚಿ ಸೂಕ್ಷ್ಮದರ್ಶಕದಲ್ಲಿ ಅವನ್ನು ಗುರುತಿಸುತ್ತಾರೆ. ಹೊರಗೆ ಗುರುತಿಲ್ಲವೆಂದ ಮಾತ್ರಕ್ಕೆ ಮನೆಯಾಳನ್ನು ಕಳ್ಳನೆನ್ನುವಂತಿಲ್ಲ.

ಅಷ್ಟಕ್ಕೂ ಹಾಬ್ಸ್‌ನ ಕೈಚಳಕ ಎಲ್ಲರಿಗೂ ಬೇಕಿಲ್ಲ. ಹೂಕುಂಡದಡಿ ಇಟ್ಟ ಬೀಗದ ಕೈ, ಹಿಂದಿನ ಬಾಡಿಗೆದಾರ ಮಾಡಿಸಿಕೊಂಡ ನಕಲು, ಚಿಲಕ ಹಾಕದ ಹಿತ್ತಿಲ ಬಾಗಿಲು, ಇವಿಷ್ಟೇ ಸಾಕು. ಹೊಸ ಮನೆಗೆ ಹೋದಾಗ ಮೊದಲು ಬೀಗ ಬದಲಿಸಬೇಕು ಎನ್ನುವುದು ಇದಕ್ಕೇ.