ಲೆಕ್ಕಕ್ಕೆ ಸಿಕ್ಕಿದ್ದು, ಲೆಕ್ಕದ ಹೊರಗುಳಿದದ್ದು

ಈ ಬಾರಿ ನಮ್ಮ ನಾಡಿನ ವಿಷಯಗಳನ್ನು ಬದಿಗಿರಿಸಿ ದೂರದ ಅಮೆರಿಕೆಯ ಒಂದು ಆಟದ ಚರಿತ್ರೆಯನ್ನು ಬರೆಯುವ ಮನಸ್ಸಾಗಿದೆ. ಆ ಆಟ ಬ್ಯಾಸ್ಕೆಟ್‌ಬಾಲ್. ಅದನ್ನು 1891ರಲ್ಲಿ ರೂಪಿಸಿದ ಜೇಮ್ಸ್ ನೈಸ್ಮಿತ್ ಅವರು ನನ್ನಂತೆಯೇ ಉಪಾಧ್ಯಾಯರು. ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಊರಿನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ವ್ಯಾಯಾಮ ಕಲಿಸುತ್ತಿದ್ದರು. ಚಳಿಗಾಲದಲ್ಲಿ ಹುಡುಗರನ್ನು ಒಳಾಂಗಣದಲ್ಲಿ ಆಡಿಸಲೆಂದು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿಸಿದರು. ಅಂದು ಚೆಂಡು ಬುಟ್ಟಿಗೆ ಎಷ್ಟು ಸಲ ಬಿತ್ತೆಂಬ ಒಂದೇ ಲೆಕ್ಕ ಸಾಕಾಗಿತ್ತು. ಇಂದು ಆಟಗಾರನ ಓಡಾಟವನ್ನೂ ಕ್ಯಾಮೆರಾಗಳು ಅಳೆಯುತ್ತವೆ. ಇಷ್ಟೆಲ್ಲ ಅಂಕಿಗಳು ಕೈಯಲ್ಲಿರುವಾಗ ಒಂದು ಋತುವಿನ ಶ್ರೇಷ್ಠ ಆಟಗಾರ ಯಾರೆಂಬುದನ್ನು ಗಣಿತವೇ ತೀರ್ಮಾನಿಸಬಹುದಲ್ಲವೇ? ಮೂವತ್ತು ವರ್ಷಗಳಿಗೂ ಮಿಗಿಲಾಗಿ ಗಣಿತ ಕಲಿಸಿ, ಅಂಕಪಟ್ಟಿ ಬರೆದ ನನಗೆ ಇದು ಕೇವಲ ಆಟದ ಪ್ರಶ್ನೆಯಾಗಿ ಕಾಣುವುದಿಲ್ಲ.

ಎನ್.ಬಿ.ಎ. ಎಂಬುದು ಅಮೆರಿಕೆಯ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್. ಋತುವಿನ ಅತ್ಯಂತ ಮೌಲ್ಯಯುತ ಆಟಗಾರನಿಗೆ, ಅಂದರೆ ಅಲ್ಲಿನವರು ಎಂ.ವಿ.ಪಿ. ಎನ್ನುವವನಿಗೆ, 1955–56ರ ಋತುವಿನಿಂದ ಅದು ಪ್ರಶಸ್ತಿ ನೀಡುತ್ತ ಬಂದಿದೆ. ಮೊದಲು ಪಡೆದವರು ಬಾಬ್ ಪೆಟಿಟ್. 1979–80ರವರೆಗೆ ಆಟಗಾರರೇ ಮತ ಹಾಕಿ ಆರಿಸುತ್ತಿದ್ದರು. ಆ ಬಳಿಕ ಆ ಅಧಿಕಾರ ಪತ್ರಕರ್ತರಿಗೂ ವೀಕ್ಷಕ ವಿವರಣೆಗಾರರಿಗೂ ಹೋಯಿತು. ಈ ವ್ಯತ್ಯಾಸವನ್ನು ಓದುಗರು ನೆನಪಿನಲ್ಲಿಡಬೇಕು; ಏಕೆಂದರೆ ಅಂಗಳದಲ್ಲಿ ನಿಂತವನ ಕಣ್ಣು ಬೇರೆ, ಅಂಗಳದ ಅಂಚಿನಲ್ಲಿ ಕುಳಿತವನ ಕಣ್ಣು ಬೇರೆ.

ಇದಕ್ಕೆ 1961–62ರ ಋತುವೇ ಸಾಕ್ಷಿ. ಆ ವರ್ಷ ಫಿಲಡೆಲ್ಫಿಯಾ ತಂಡದ ವಿಲ್ಟ್ ಚೇಂಬರ್ಲಿನ್ ಪಂದ್ಯವೊಂದಕ್ಕೆ ಸರಾಸರಿ 50.4 ಅಂಕ ಗಳಿಸಿದರು. 1962ರ ಮಾರ್ಚ್ 2ರಂದು ಹರ್ಷೀ ಎಂಬ ಊರಿನಲ್ಲಿ ಒಂದೇ ಪಂದ್ಯದಲ್ಲಿ 100 ಅಂಕ ಪಡೆದರು. ಪಂದ್ಯದ ಅವಧಿ 48 ನಿಮಿಷ. ಅವರು ಆಡಿದ ಸರಾಸರಿ 48.5 ನಿಮಿಷ! ಹೆಚ್ಚುವರಿ ಅವಧಿಗೆ ಹೋದ ಪಂದ್ಯಗಳಿಂದಾಗಿ ಹೀಗಾಯಿತು. ಅವರು ವಿಶ್ರಾಂತಿ ಪಡೆದದ್ದೇ ಅಪರೂಪ. ಅದೇ ವರ್ಷ ಆಸ್ಕರ್ ರಾಬರ್ಟ್‌ಸನ್ ಅಂಕ, ರೀಬೌಂಡ್, ಅಸಿಸ್ಟ್ ಮೂರರಲ್ಲಿಯೂ ಎರಡಂಕಿಯ ಸರಾಸರಿ ಸಾಧಿಸಿದರು. ಬುಟ್ಟಿ ತಪ್ಪಿದ ಚೆಂಡನ್ನು ಹಿಡಿದುಕೊಳ್ಳುವುದು ರೀಬೌಂಡ್. ಸಹ ಆಟಗಾರ ಅಂಕ ಗಳಿಸುವಂತೆ ಚೆಂಡು ಕೊಡುವುದು ಅಸಿಸ್ಟ್. ಆದರೆ ಪ್ರಶಸ್ತಿ ಇವರಿಬ್ಬರಿಗೂ ದೊರೆಯಲಿಲ್ಲ. ಸರಾಸರಿ 18.9 ಅಂಕ ಮಾತ್ರ ಗಳಿಸಿದ್ದ ಬಾಸ್ಟನ್ ಸೆಲ್ಟಿಕ್ಸ್ ತಂಡದ ಬಿಲ್ ರಸೆಲ್ ಅವರಿಗೆ ಸಂದಿತು.

ಸ್ವಾರಸ್ಯದ ಸಂಗತಿಯೆಂದರೆ, ಅದೇ ಋತುವಿನ ಐವರ ಶ್ರೇಷ್ಠ ತಂಡವನ್ನು ಪತ್ರಕರ್ತರು ಆರಿಸಿದಾಗ ಕೇಂದ್ರಸ್ಥಾನ ಚೇಂಬರ್ಲಿನ್ನರ ಪಾಲಾಯಿತು. ರಸೆಲ್ ಎರಡನೆಯ ತಂಡಕ್ಕೆ ಇಳಿದರು. ಹೀಗೆ ಮೂರು ಸಲ, 1958, 1961 ಮತ್ತು 1962ರಲ್ಲಿ, ರಸೆಲ್ ಆಟಗಾರರ ಮತದಿಂದ ಇಡೀ ಲೀಗಿಗೇ ಶ್ರೇಷ್ಠರೆನಿಸಿದರು. ಪತ್ರಕರ್ತರ ಪಟ್ಟಿಯಲ್ಲಿ ತಮ್ಮ ಸ್ಥಾನಕ್ಕೂ ಮೊದಲಿಗರಾಗಲಿಲ್ಲ. ಆ ಆಟಗಾರರು ಕಂಡದ್ದಾದರೂ ಏನು? ರಸೆಲ್ ಎದುರು ನಿಂತರೆ ಚೆಂಡು ಎಸೆಯುವವನ ಕೈ ಅಳುಕುತ್ತಿತ್ತು. ಎಸೆದ ಚೆಂಡನ್ನು ಅವರು ಗಾಳಿಯಲ್ಲೇ ತಡೆದು, ಹೊರಗೆ ಹೋಗಗೊಡದೆ ತಮ್ಮವರ ಕೈಗೆ ತಳ್ಳುತ್ತಿದ್ದರು. ಹೀಗೆ ತಡೆಯುವುದನ್ನು ಬ್ಲಾಕ್ ಎನ್ನುತ್ತಾರೆ. ಆದರೆ ಲೀಗು ಬ್ಲಾಕ್‌ಗಳನ್ನೂ, ಎದುರಾಳಿಯಿಂದ ಚೆಂಡು ಕಸಿಯುವ ಸ್ಟೀಲ್‌ಗಳನ್ನೂ ಎಣಿಸತೊಡಗಿದ್ದು 1973–74ರಲ್ಲಿ. ಚೆಂಡು ಕಳೆದುಕೊಳ್ಳುವ ಟರ್ನೋವರ್‌ಗಳನ್ನು ಎಣಿಸಿದ್ದು 1977–78ರಲ್ಲಿ. ರಸೆಲ್ ನಿವೃತ್ತರಾದದ್ದು 1969ರಲ್ಲಿ. ಅವರ ಪರಮ ವಿದ್ಯೆಗೆ ದಾಖಲೆಯಲ್ಲಿ ಕಲಮೇ ಇರಲಿಲ್ಲ.

ಕಲಮುಗಳು ಹೆಚ್ಚಿದಂತೆ ಅವನ್ನೆಲ್ಲ ಕೂಡಿಸಿ ಒಂದೇ ಸಂಖ್ಯೆಯಾಗಿಸುವ ಆಸೆ ಹುಟ್ಟಿತು. ಮಾರ್ಟಿನ್ ಮ್ಯಾನ್ಲಿ ಎಂಬ ಕ್ರೀಡಾ ಬರಹಗಾರರ ಸೂತ್ರ ನಮ್ಮ ಏಳನೆಯ ತರಗತಿಯ ಮಕ್ಕಳಿಗೂ ಅರ್ಥವಾಗುವಂಥದು: ಒಳ್ಳೆಯದನ್ನೆಲ್ಲ ಕೂಡು, ಕೆಟ್ಟದ್ದನ್ನೆಲ್ಲ ಕಳೆ. ಒಬ್ಬ ಆಟಗಾರ ಒಂದು ಪಂದ್ಯದಲ್ಲಿ 20 ಅಂಕ, 10 ರೀಬೌಂಡ್, 5 ಅಸಿಸ್ಟ್, 1 ಸ್ಟೀಲ್, 1 ಬ್ಲಾಕ್ ಪಡೆದನೆನ್ನಿ, ಒಟ್ಟು 37. ಎಂಟು ಎಸೆತ ತಪ್ಪಿದ, ಎರಡು ಫ್ರೀ ಥ್ರೋ ತಪ್ಪಿದ, ಮೂರು ಸಲ ಚೆಂಡು ಕಳೆದ, ಒಟ್ಟು 13. ಉಳಿದದ್ದು 24. ಇಲ್ಲಿನ ತೊಡಕು ಕೂಡಲೇ ಗೋಚರಿಸುತ್ತದೆ. ಒಂದು ಅಂಕಕ್ಕೂ ಒಂದು ಅಸಿಸ್ಟಿಗೂ ಒಂದೇ ಬೆಲೆ ಎಂದು ಹೇಳಿದವರು ಯಾರು?

ಈ ತೊಡಕನ್ನು ಬಿಡಿಸಲು ಹೊರಟವರಲ್ಲಿ ಜಾನ್ ಹೋಲಿಂಜರ್ ಪ್ರಮುಖರು. ಅವರು ರಚಿಸಿದ ಪಿ.ಇ.ಆರ್. ಎಂಬ ಕಾರ್ಯಕ್ಷಮತಾ ಮಾನ 2000ದ ದಶಕದಲ್ಲಿ ಬಹಳ ಪ್ರಚಾರ ಪಡೆಯಿತು. ಅದು ಪ್ರತಿಯೊಂದು ಕ್ರಿಯೆಗೂ ಬೇರೆ ಬೇರೆ ತೂಕ ಕೊಡುತ್ತದೆ. ಆಡಿದ ನಿಮಿಷಗಳಿಂದ ಭಾಗಿಸುತ್ತದೆ. ತಂಡದ ಆಟದ ವೇಗಕ್ಕೆ ತಕ್ಕಂತೆ ಸರಿದೂಗಿಸುತ್ತದೆ. ಕೊನೆಗೆ ಪ್ರತಿ ವರ್ಷವೂ ಲೀಗಿನ ಸರಾಸರಿ 15 ಬರುವಂತೆ ಅಳತೆಯನ್ನು ಹೊಂದಿಸುತ್ತದೆ. 25 ಮೀರಿದವನು ಋತುವಿನ ಶ್ರೇಷ್ಠರ ಸಾಲಿಗೆ ಸೇರುತ್ತಾನೆ. 30 ಮುಟ್ಟುವವರು ವಿರಳ.

ಸೂತ್ರ ಜಾಣತನದ್ದೇ ಸರಿ. ಆದರೂ ಅದು ಎಣಿಸಿದ್ದನ್ನಷ್ಟೇ ತೂಗಬಲ್ಲದು. ಸ್ಯಾನ್ ಆಂಟೋನಿಯೊ ತಂಡದ ಬ್ರೂಸ್ ಬೋವೆನ್ ಎದುರಾಳಿಯ ಉತ್ತಮ ಆಟಗಾರನ ಬೆನ್ನು ಬಿಡದೆ ನಿಂತು ಅವನ ಆಟವನ್ನೇ ಕಟ್ಟಿಹಾಕುತ್ತಿದ್ದವರು. 2004ರಿಂದ 2008ರವರೆಗೆ ಐದು ವರ್ಷ ಸತತವಾಗಿ ರಕ್ಷಣಾ ಆಟಗಾರರ ಮೊದಲ ತಂಡಕ್ಕೆ ಆಯ್ಕೆಯಾದರು. ಮೂರು ಚಾಂಪಿಯನ್ ತಂಡಗಳಲ್ಲಿದ್ದರು. ಅವರ ಪಿ.ಇ.ಆರ್. ಸರಾಸರಿಯ 15ರ ಹತ್ತಿರಕ್ಕೂ ಸುಳಿಯಲಿಲ್ಲ. ಇಂಥ ರಕ್ಷಣಾ ಆಟಗಾರರಿಗೆ ತಮ್ಮ ಮಾನ ನ್ಯಾಯ ಒದಗಿಸುವುದಿಲ್ಲವೆಂದು ಹೋಲಿಂಜರ್ ಅವರೇ ಒಪ್ಪಿದ್ದಾರೆ. ಸೂತ್ರದ ಕರ್ತೃವಿಗಿದ್ದ ಈ ವಿನಯ ಅದನ್ನು ಉದ್ಧರಿಸುವ ಎಲ್ಲರಲ್ಲೂ ಕಾಣಿಸಲಿಲ್ಲ.

ಹಾಗೆಂದು ಮತ ಹಾಕುವವರು ಸದಾ ಸತ್ಯವಂತರೆಂದೂ ಹೇಳಲಾಗದು. 2004–05ರಲ್ಲಿ ಫೀನಿಕ್ಸ್ ತಂಡದ ಸ್ಟೀವ್ ನ್ಯಾಶ್ ಪ್ರಶಸ್ತಿ ಪಡೆದರು. ಅವರ ಪಿ.ಇ.ಆರ್. 22, ಆ ವರ್ಷದ ಅಗ್ರಗಣ್ಯ ಕೆವಿನ್ ಗಾರ್ನೆಟ್ ಅವರದು 28. ಆದರೆ ನ್ಯಾಶ್ ಬಂದೊಡನೆ 29 ಪಂದ್ಯ ಗೆದ್ದಿದ್ದ ತಂಡ 62 ಗೆದ್ದಿತು. ಸಹ ಆಟಗಾರರ ಕೈಯಲ್ಲಿ ಅರಳಿದ ಆ ಗೆಲುವನ್ನು ಮತದಾರರು ಕಂಡರು, ನನಗದು ಒಪ್ಪಿಗೆ. 2010–11ರಲ್ಲಿ ಷಿಕಾಗೋದ ಡೆರಿಕ್ ರೋಸ್ 121 ಪ್ರಥಮ ಮತಗಳಲ್ಲಿ 113 ಪಡೆದರು. ಅವರ ಪಿ.ಇ.ಆರ್. 23.5, ಲೆಬ್ರಾನ್ ಜೇಮ್ಸ್ ಅವರದು 27.3. ಆ ತಂಡದ 62 ಗೆಲುವುಗಳ ಹಿಂದೆ ಲೀಗಿನಲ್ಲೇ ಬಿಗಿಯಾದ ರಕ್ಷಣೆಯಿತ್ತು. ಅದು ಇಡೀ ತಂಡದ ದುಡಿಮೆ. ಇತ್ತ ಲೆಬ್ರಾನ್ 2010ರ ಬೇಸಿಗೆಯಲ್ಲಿ ತವರು ತಂಡ ತೊರೆದು ಮಯಾಮಿಗೆ ಹೋಗುವೆನೆಂದು ದೂರದರ್ಶನದಲ್ಲಿ ಸಾರಿ, ಜನರ ಕೋಪಕ್ಕೆ ಗುರಿಯಾಗಿದ್ದರು. ತವರೂರಿನ ಹುಡುಗ ಗೆದ್ದ ಕಥೆ ಸೊಗಸಾಗಿತ್ತು. ಆದರೆ ಕಥೆಯ ಸೊಗಸು ಎಷ್ಟು, ಆಟದ ಸತ್ವ ಎಷ್ಟು ಎಂದು ಕೇಳುವ ಧೈರ್ಯ ಅಲ್ಲಿ ಅಂಕಿಗಷ್ಟೇ ಇತ್ತು.

ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿಯೂ ಉತ್ತಮ ವಿದ್ಯಾರ್ಥಿ ಎಂಬ ಬಹುಮಾನವಿತ್ತು; ಅದಕ್ಕಾಗಿ ಅಧ್ಯಾಪಕರ ಕೊಠಡಿಯಲ್ಲಿ ಪ್ರತಿ ವರ್ಷ ಚರ್ಚೆ ನಡೆಯುತ್ತಿತ್ತು. ಒಟ್ಟು ಅಂಕವೇ ಮಾನದಂಡವಾಗಲಿ, ಪಕ್ಷಪಾತಕ್ಕೆ ಎಡೆಯಿರದು ಎಂಬುದು ಕೆಲವರ ವಾದ. ಅದರಲ್ಲಿ ಹುರುಳಿತ್ತು, ಊರ ಪ್ರಮುಖರ ಮಗ ಎಂಬ ಕಾರಣಕ್ಕೆ ಬಹುಮಾನ ಹೋಗದಂತೆ ತಡೆದದ್ದು ಅಂಕಪಟ್ಟಿಯೇ. ಆದರೆ ಒಂದು ವರ್ಷ ಒಬ್ಬ ಹುಡುಗನಿದ್ದ. ನೂರಕ್ಕೆ ಅರುವತ್ತರ ಆಸುಪಾಸಿನವನು. ಸಂಜೆ ಶಾಲೆ ಬಿಟ್ಟ ಮೇಲೆ ಹಿಂದಿನ ಬೆಂಚಿನವರನ್ನು ಕೂರಿಸಿಕೊಂಡು, ತಾನು ಕಲಿತ ಲೆಕ್ಕವನ್ನು ಹೇಳಿಕೊಡುತ್ತಿದ್ದ. ಆ ತರಗತಿಯಲ್ಲಿ ಗಣಿತದಲ್ಲಿ ನಪಾಸಾದವರೇ ಇರಲಿಲ್ಲ. ನಾನು ಅವನ ಪರವಾಗಿ ಮಾತನಾಡಿದೆ; ಅದನ್ನು ಯಾವ ಕಲಮಿನಲ್ಲಿ ತೋರಿಸುವಿರಿ ಎಂದು ಕೇಳಿದರು. ಬಹುಮಾನ ಒಟ್ಟು ಅಂಕಕ್ಕೇ ಹೋಯಿತು. ರಸೆಲ್ ಅವರ ಕಥೆ ಓದುವಾಗಲೆಲ್ಲ ನನಗೆ ಆ ಪ್ರಶ್ನೆ ಕಿವಿಯಲ್ಲಿ ಕೇಳಿಸುತ್ತದೆ.

ಈಚಿನ ವರ್ಷಗಳಲ್ಲಿ ಮತದಾರರೂ ಅಂಕಿಗಳಿಗೆ ಕಿವಿಗೊಡುತ್ತಿದ್ದಾರೆ. ಡೆನ್ವರ್ ತಂಡದ ನಿಕೋಲಾ ಯೋಕಿಚ್ 2014ರ ಆಯ್ಕೆಯಲ್ಲಿ 41ನೆಯವರಾಗಿ ಲೀಗಿಗೆ ಬಂದವರು. ನೆಗೆತವಿಲ್ಲ, ಓಟದ ವೇಗವಿಲ್ಲ. 2021–22ರಲ್ಲಿ ಮುಖ್ಯ ಜೊತೆಗಾರರಿಬ್ಬರೂ ಗಾಯಗೊಂಡು ಹೊರಗಿದ್ದಾಗ ಅವರು 32.85ರ ದಾಖಲೆಯ ಪಿ.ಇ.ಆರ್. ತೋರಿದರು. ತಂಡ ತನ್ನ ವಿಭಾಗದಲ್ಲಿ ಆರನೆಯ ಸ್ಥಾನದಲ್ಲಿದ್ದರೂ ಪ್ರಶಸ್ತಿ ಅವರಿಗೇ ದೊರೆಯಿತು. ಆದರೂ ಅಂಕಿಯೇ ದೊರೆಯಾಗಿಲ್ಲ. 2024–25ರಲ್ಲಿ ಯೋಕಿಚ್ ಅವರ ಪಿ.ಇ.ಆರ್. ಮತ್ತೆ ಎಲ್ಲರಿಗಿಂತ ಮಿಗಿಲಾಗಿತ್ತು. ಪ್ರಶಸ್ತಿ ಮಾತ್ರ 68 ಪಂದ್ಯ ಗೆದ್ದ ಓಕ್ಲಹೋಮ ತಂಡದ ಶೇ ಗಿಲ್ಜಸ್-ಅಲೆಕ್ಸಾಂಡರ್ ಅವರಿಗೆ ಸಂದಿತು.

ನನ್ನ ತೀರ್ಮಾನ ಇಷ್ಟು. ಅಂಕಿಯನ್ನು ಸಾಕ್ಷಿಯ ಕಟ್ಟೆಯಲ್ಲಿ ನಿಲ್ಲಿಸಬೇಕು. ನ್ಯಾಯಾಧೀಶರ ಪೀಠದಲ್ಲಿ ಕೂರಿಸಬಾರದು. ಸಾಕ್ಷಿಯ ಮಾತನ್ನು ಮೀರಿ ತೀರ್ಪು ಕೊಡುವ ಹಕ್ಕು ಮನುಷ್ಯನಿಗುಂಟು. ಆದರೆ ಹಾಗೆ ಮೀರುವವನು ತಾನು ಕಂಡದ್ದೇನು ಎಂಬುದನ್ನು ಬಾಯಿಬಿಟ್ಟು ಹೇಳಬೇಕು. 1962ರ ಆಟಗಾರರು ಕೇಳಿದವರಿಗೆ ಹಾಗೆ ಹೇಳಬಲ್ಲವರಾಗಿದ್ದರು. ರಸೆಲ್ ಅವರ ತಡೆಯನ್ನು ಸ್ವತಃ ಉಂಡವರು ಅವರು.

ರಸೆಲ್ 13 ಋತುಗಳಲ್ಲಿ 11 ಚಾಂಪಿಯನ್ ಪದವಿ ಗಳಿಸಿದರು. ಅಂತಿಮ ಸರಣಿಯ ಶ್ರೇಷ್ಠ ಆಟಗಾರನಿಗೆ ಪ್ರಶಸ್ತಿ ಕೊಡಲಾರಂಭಿಸಿದ್ದು ಅವರು ಆಡಿದ ಕೊನೆಯ ವರ್ಷವಾದ 1969ರಲ್ಲಿ. ಅದೂ ಸೋತ ತಂಡದ ಜೆರ್ರಿ ವೆಸ್ಟ್ ಅವರ ಪಾಲಾಯಿತು. ಅದೇ ಪ್ರಶಸ್ತಿಗೆ 2009ರಲ್ಲಿ ರಸೆಲ್ ಅವರ ಹೆಸರನ್ನಿಟ್ಟರು. 2022ರಲ್ಲಿ ಅವರು ತೀರಿಕೊಂಡ ಬಳಿಕ, ಅವರು ತೊಡುತ್ತಿದ್ದ 6ನೆಯ ಸಂಖ್ಯೆಯ ಅಂಗಿಯನ್ನು ಇನ್ನು ಮುಂದೆ ಯಾವ ತಂಡದಲ್ಲಿಯೂ ಹೊಸಬರಿಗೆ ಕೊಡಕೂಡದೆಂದು ಲೀಗು ನಿಶ್ಚಯಿಸಿತು. ಅವರು ತಡೆದ ಚೆಂಡುಗಳೆಷ್ಟೆಂಬ ಅಧಿಕೃತ ಲೆಕ್ಕ ಇಂದಿಗೂ ಇಲ್ಲ.