ಕಪ್ಪು ಮರಳು, ಕ್ಲೋಸ್‌ಪೇಟೆ ಕಲ್ಲು

ಗಣಿ ಎಂದರೆ ನಮಗೆ ಕೋಲಾರವೋ ಸಂಡೂರೋ ನೆನಪಾಗುತ್ತದೆ. ಮಾಗಡಿ, ಚನ್ನಪಟ್ಟಣ, ರಾಮನಗರಗಳಲ್ಲಿ ಅಂಥ ಪಾತಾಳಗಣಿಗಳಿಲ್ಲ. ಆದರೂ ಈ ಸೀಮೆ ಕಬ್ಬಿಣ ಇಳಿಸಿ ಬದುಕಿದೆ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಕಂಪನಿಯ ಪರವಾಗಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್‌ನ ಪ್ರವಾಸ ಕಥನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೋಟೆಕೊತ್ತಲವಲ್ಲ, ಮಾಗಡಿ ಕಡೆಯ ಮರಳು.

ಮಳೆಗಾಲದಲ್ಲಿ ಬೆಟ್ಟದ ಹಳ್ಳಗಳು ಕಪ್ಪು ಮರಳನ್ನು ಹೊತ್ತು ತರುತ್ತಿದ್ದವು. ಅದನ್ನು ತೊಳೆದು, ಇದ್ದಿಲಿನ ಜೊತೆ ಕುಲುಮೆಗೆ ಸುರಿದು, ತಿದಿ ಒತ್ತಿ ಕಬ್ಬಿಣ ಇಳಿಸುತ್ತಿದ್ದರು. ಆ ಕಬ್ಬಿಣದ ತುಂಡನ್ನು ತಂಗಡಿ ಗಿಡದ ಕಡ್ಡಿ, ಹಸಿರೆಲೆಯ ಸಮೇತ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ ಕಾಯಿಸಿದರೆ ಉಕ್ಕು. ಕಡ್ಡಿಯ ಇಂಗಾಲ ಕಬ್ಬಿಣಕ್ಕೆ ಸೇರುವ ಈ ರಸಾಯನವನ್ನು ಅವರು ಯಾವ ಶಾಲೆಯಲ್ಲೂ ಕಲಿತವರಲ್ಲ. ಕಲ್ಲುಕುಟಿಗರ ಉಳಿ, ಕತ್ತಿಯ ಅಲಗು, ವಾದ್ಯದ ತಂತಿ ಮೂರಕ್ಕೂ ಇದೇ ಉಕ್ಕು.

ಉಕ್ಕಿನ ತಂತಿಗೆ ಚನ್ನಪಟ್ಟಣ ಹೆಸರುವಾಸಿ. ಅಲ್ಲಿ ಎಳೆದ ತಂತಿ ದೂರದ ಸೀಮೆಗಳಿಗೂ ಹೋಗುತ್ತಿತ್ತು. ಗಾಜಿನ ಕೆಲಸವೂ ಅದೇ ಊರಿನಲ್ಲಿತ್ತು. ಮೆಹ್ದಿ ಬಂದುಹೋದನೆಂದು ನಂಬುವ ದಾಯರೆ ಮುಸ್ಲಿಮರಿಗೆ ಅದು ಮುಖ್ಯ ನೆಲೆ. ಅವರು ವ್ಯಾಪಾರದಲ್ಲಿ ಪಳಗಿದವರು. ಇಂದು ಚನ್ನಪಟ್ಟಣವೆಂದರೆ ಅರಗಿನ ಬಣ್ಣದ ಬೊಂಬೆ ಮಾತ್ರ. ಆ ತಂತಿ ಯಾವ ಹಾಡಿಗೆ ಮಿಡಿಯಿತೋ!

ಪಕ್ಕದ ರಾಮನಗರದ ಕಥೆ ಬೇರೆ. ಟಿಪ್ಪುವಿನ ಕಾಲಕ್ಕೆ ಶಂಸೇರಾಬಾದ್ ಆಗಿದ್ದ ಊರಿಗೆ, ಮೈಸೂರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನ ನೆನಪಿಗೆ ಕ್ಲೋಸ್‌ಪೇಟೆ ಎಂಬ ಹೆಸರು ಬಂತು. ಸ್ವಾತಂತ್ರ್ಯದ ನಂತರ ರಾಮನಗರ. 2007ರಲ್ಲಿ ಅದೇ ಹೆಸರಿನ ಜಿಲ್ಲೆ. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ಸರ್ಕಾರ ತೀರ್ಮಾನಿಸಿತು. ಈ ಹೆಸರಿನ ಜಗಳಗಳ ನಡುವೆ ಒಂದು ವಿಚಿತ್ರ ಉಳಿದಿದೆ: ಊರಿನ ಬಂಡೆ ಭೂವಿಜ್ಞಾನಿಗಳಿಗೆ ಇಂದಿಗೂ 'ಕ್ಲೋಸ್‌ಪೇಟೆ ಗ್ರಾನೈಟ್'. ಸುಮಾರು 250 ಕೋಟಿ ವರ್ಷ ಹಳೆಯದಾದ ಈ ಶಿಲೆಯ ಪಟ್ಟಿ ದಕ್ಷಿಣೋತ್ತರವಾಗಿ ಸುಮಾರು 400 ಕಿಲೋಮೀಟರ್ ಚಾಚಿದೆ.

ಕೆಲವೇ ವರ್ಷ ಇಲ್ಲಿದ್ದ ಅಧಿಕಾರಿಯ ಹೆಸರು ಅಷ್ಟು ಉದ್ದದ ಕಲ್ಲಿಗೆ ಅಂಟಿಕೊಂಡಿತು. ಮರಳು ತೊಳೆದು ಕಬ್ಬಿಣ ಇಳಿಸಿದವರ, ಆ ಉಕ್ಕಿನ ಉಳಿಯಿಂದ ಕಲ್ಲನ್ನೇ ಸೀಳಿದವರ ಒಂದೇ ಒಂದು ಹೆಸರನ್ನೂ ಯಾವ ಬೆಟ್ಟಕ್ಕೂ ಇಟ್ಟಿಲ್ಲ. ಅವರ ಉಳಿಯೇಟಿನ ಕಚ್ಚುಗಳು ಮಾತ್ರ ಹಳೆಯ ಗುಡಿಗಳ ಚಪ್ಪಡಿಗಳಲ್ಲಿ, ಬಾವಿಗಳ ಮೆಟ್ಟಿಲುಗಳಲ್ಲಿ ಕೈಗೆ ತಗಲುತ್ತವೆ.