ಮಾದರಿ ಸಮೀಕ್ಷೆಗಳಲ್ಲಿ ಮನೆಯ ಒಬ್ಬ ಸದಸ್ಯರನ್ನು ಆಯ್ಕೆ ಮಾಡುವ ವಿಧಾನ: ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ನಾಗರಿಕರ ಮಾಹಿತಿಗಾಗಿ

ಆರೋಗ್ಯ ಹಾಗೂ ಸಾಮಾಜಿಕ ವಿಷಯಗಳಿಗೆ ಸಂಬಂಧಿಸಿದ ಕೆಲವು ಸಮೀಕ್ಷೆಗಳಲ್ಲಿ ಸಮೀಕ್ಷಕರು ಮನೆಗೆ ಭೇಟಿ ನೀಡಿ, ಎಲ್ಲ ಸದಸ್ಯರ ಹೆಸರು, ವಯಸ್ಸು ಮತ್ತು ಲಿಂಗವನ್ನು ಬರೆದುಕೊಂಡು, ತದನಂತರ ಅವರಲ್ಲಿ ಒಬ್ಬರನ್ನು ಮಾತ್ರ ಪ್ರಶ್ನಿಸುತ್ತಾರೆ. ಮನೆಯ ಯಜಮಾನರು ಎದುರಿಗೇ ಕುಳಿತಿದ್ದರೂ ರಾತ್ರಿ ಪಾಳಿ ಮುಗಿಸಿ ಮಲಗಿರುವ ತಮ್ಮನನ್ನೇ ಕೇಳುವುದು ಅನೇಕರಿಗೆ ವಿಚಿತ್ರವಾಗಿ ತೋರುತ್ತದೆ. ಈ ಆಯ್ಕೆಯು ಸಮೀಕ್ಷಕರ ಇಚ್ಛೆಯಿಂದಾಗಲಿ, ಕುಟುಂಬದ ಇಚ್ಛೆಯಿಂದಾಗಲಿ ನಡೆಯುವಂಥದ್ದಲ್ಲ. ಅದರ ಕ್ರಮವನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಎಲ್ಲರನ್ನೂ ಎಣಿಸುವ ಕಾರ್ಯವು ಇದಕ್ಕಿಂತ ಭಿನ್ನವಾದುದು. 1948ರ ಜನಗಣತಿ ಅಧಿನಿಯಮದಂತೆ ನಡೆಯುವ ಜನಗಣತಿಯಲ್ಲಿ ಒಬ್ಬರನ್ನೂ ಬಿಡುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ಕರ್ನಾಟಕ ರಾಜ್ಯ ಹಿಂದುಳಿದ ವರ್ಗಗಳ ಆಯೋಗವು ನಡೆಸಿದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯೂ ಪ್ರತಿ ಮನೆಯನ್ನು ತಲುಪುವ ಉದ್ದೇಶದ್ದಾಗಿತ್ತು. ಮಾದರಿ ಸಮೀಕ್ಷೆಯಲ್ಲಾದರೋ ಮೊದಲು ಕೆಲವು ಗ್ರಾಮಗಳನ್ನು ಅಥವಾ ಬಡಾವಣೆಗಳನ್ನು, ಅವುಗಳಲ್ಲಿ ಕೆಲವು ಮನೆಗಳನ್ನು, ಕೊನೆಗೆ ಆ ಮನೆಯ ಒಬ್ಬರನ್ನು ಚೀಟಿ ಎತ್ತಿದಂತೆ ಆರಿಸಲಾಗುತ್ತದೆ. ಆದ್ದರಿಂದ ಪಕ್ಕದ ಮನೆಗೆ ಬಂದವರು ತಮ್ಮ ಮನೆಗೆ ಬರಲಿಲ್ಲವೆಂದು ನಾಗರಿಕರು ಆತಂಕಪಡಬೇಕಾಗಿಲ್ಲ.

ಮನೆಯಲ್ಲಿ ಸಿಕ್ಕವರನ್ನೇ ಏಕೆ ಕೇಳಬಾರದು?

ಬೆಂಗಳೂರು–ಕನಕಪುರ ರಸ್ತೆಯಲ್ಲಿರುವ ಹಾರೋಹಳ್ಳಿ ಕೈಗಾರಿಕಾ ಪ್ರದೇಶವು ಈ ಪ್ರಶ್ನೆಗೆ ಉತ್ತಮ ಉದಾಹರಣೆಯಾಗಿದೆ. (2007ರಲ್ಲಿ ರಚನೆಯಾದ ರಾಮನಗರ ಜಿಲ್ಲೆಯನ್ನು ರಾಜ್ಯ ಸರ್ಕಾರವು 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಮರುನಾಮಕರಣ ಮಾಡಿದೆ.) ಕಾರ್ಖಾನೆಗಳು ಪಾಳಿಯಲ್ಲಿ ನಡೆಯುವ ಊರಿನಲ್ಲಿ ಬೆಳಿಗ್ಗೆ ಹನ್ನೊಂದು ಗಂಟೆಗೆ ಬಾಗಿಲು ತಟ್ಟಿದರೆ ತೆರೆಯುವವರು ಬಹುತೇಕ ವೃದ್ಧರು ಅಥವಾ ಮನೆವಾರ್ತೆ ನೋಡಿಕೊಳ್ಳುವ ಮಹಿಳೆಯರು. ಯಂತ್ರದ ಮುಂದೆ ನಿಂತಿರುವವರು, ಸಿದ್ಧ ಉಡುಪು ಘಟಕಕ್ಕೆ ಬೆಳಗಿನ ಬಸ್ಸಿನಲ್ಲಿ ಹೋದ ಹೆಣ್ಣುಮಕ್ಕಳು, ರಾತ್ರಿ ಪಾಳಿ ಮುಗಿಸಿ ನಿದ್ರಿಸುತ್ತಿರುವವರು ಲೆಕ್ಕಕ್ಕೇ ಬರುವುದಿಲ್ಲ.

ಇದರಿಂದ ಅಂಕಿ ಅಂಶ ಎಷ್ಟು ತಪ್ಪಬಹುದೆಂಬುದಕ್ಕೆ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯನ್ನು ನೋಡಬಹುದು. ಭಾರತದಲ್ಲಿ 2009–10 ಮತ್ತು 2016–17ರಲ್ಲಿ ನಡೆದ ಈ ಸಮೀಕ್ಷೆಯಲ್ಲಿ ಮನೆಯ 15 ವರ್ಷ ಮತ್ತು ಮೇಲ್ಪಟ್ಟ ಸದಸ್ಯರ ಪೈಕಿ ಒಬ್ಬರನ್ನು ಕೈಯಲ್ಲಿ ಹಿಡಿಯುವ ಗಣಕ ಸಾಧನವೇ ಆರಿಸುತ್ತಿತ್ತು. 2016–17ರಲ್ಲಿ ಕರ್ನಾಟಕದ ವಯಸ್ಕರಲ್ಲಿ ತಂಬಾಕು ಬಳಸುವವರ ಪ್ರಮಾಣ ಶೇ. 22.8 ಎಂದು ಕಂಡುಬಂದಿತು. ಪುರುಷರಲ್ಲಿ ಅದು ಶೇ. 35.2, ಮಹಿಳೆಯರಲ್ಲಿ ಶೇ. 10.3. ಹಗಲಿನಲ್ಲಿ ಮನೆಯಲ್ಲಿದ್ದವರನ್ನೇ ಕೇಳಿದ್ದರೆ ಉತ್ತರವು ಎರಡನೆಯ ಅಂಕಿಯ ಕಡೆಗೆ ವಾಲುತ್ತಿತ್ತು. ಕಾರ್ಮಿಕರ ಆರೋಗ್ಯ ತಪಾಸಣೆ, ಬಾಯಿಯ ಕ್ಯಾನ್ಸರ್ ಪತ್ತೆ ಮುಂತಾದ ಕಾರ್ಯಕ್ರಮಗಳ ಅಗತ್ಯವೂ ಅಷ್ಟರಮಟ್ಟಿಗೆ ಕಡಿಮೆಯಾಗಿ ತೋರುತ್ತಿತ್ತು.

‘ಮನೆ’ ಎಂದರೆ ಯಾವುದು?

ರಾಷ್ಟ್ರೀಯ ಮಾದರಿ ಸಮೀಕ್ಷೆಯ ವ್ಯಾಖ್ಯೆಯಂತೆ, ಸಾಮಾನ್ಯವಾಗಿ ಒಟ್ಟಿಗೆ ವಾಸಿಸುತ್ತ ಒಂದೇ ಅಡುಗೆಯ ಊಟ ಮಾಡುವವರು ಒಂದು ಕುಟುಂಬ. ರಕ್ತಸಂಬಂಧ ಇರಲೇಬೇಕೆಂದಿಲ್ಲ. ಉತ್ತರ ಕರ್ನಾಟಕದಿಂದಲೋ ಹೊರರಾಜ್ಯದಿಂದಲೋ ಬಂದ ನಾಲ್ವರು ಕಾರ್ಮಿಕರು ಒಂದು ಬಾಡಿಗೆ ಕೊಠಡಿಯಲ್ಲಿದ್ದು, ಹಣ ಸೇರಿಸಿ ಒಟ್ಟಿಗೆ ಅಡುಗೆ ಮಾಡಿಕೊಂಡರೆ ಅವರು ಒಂದು ಕುಟುಂಬವೆಂದು ಪರಿಗಣಿತರಾಗುತ್ತಾರೆ. ಹಾಸ್ಟೆಲಿನಲ್ಲಿದ್ದು ಮೆಸ್ಸಿನಲ್ಲಿ ಉಣ್ಣುವವರಾದರೆ ಪ್ರತಿಯೊಬ್ಬರೂ ಪ್ರತ್ಯೇಕ ಏಕಸದಸ್ಯ ಕುಟುಂಬ. ಕೊಠಡಿಯ ಮಾಲೀಕರು ‘ಅವರು ಬಾಡಿಗೆಯವರು, ಬರೆದುಕೊಳ್ಳಬೇಡಿ’ ಎಂದು ಹೇಳುವುದು ಸಾಮಾನ್ಯವಾಗಿ ಕಂಡುಬರುವ ಸಂಗತಿ. ದಯವಿಟ್ಟು ಹಾಗೆ ಹೇಳಬಾರದೆಂದು ಕೋರಲಾಗಿದೆ. ಪಟ್ಟಿಯಲ್ಲಿ ಹೆಸರೇ ಇಲ್ಲದವರು ಆಯ್ಕೆಯಾಗಲು ಸಾಧ್ಯವೇ ಇಲ್ಲ.

ಕಿಶ್ ಪಟ್ಟಿ

ಮನೆಯೊಳಗಿನ ಆಯ್ಕೆಗೆ ಹೆಚ್ಚು ಬಳಕೆಯಲ್ಲಿರುವ ವಿಧಾನವನ್ನು ಹಂಗೇರಿಯಲ್ಲಿ ಜನಿಸಿದ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಲೆಸ್ಲಿ ಕಿಶ್ ಅವರು 1949ರಲ್ಲಿ ಪ್ರಕಟಿಸಿದರು. ಬೆಂಗಳೂರಿನಲ್ಲಿರುವ ರಾಷ್ಟ್ರೀಯ ರೋಗ ಮಾಹಿತಿ ಮತ್ತು ಸಂಶೋಧನಾ ಕೇಂದ್ರವು 2017–18ರಲ್ಲಿ ದೇಶದಾದ್ಯಂತ ನಡೆಸಿದ ಅಸಾಂಕ್ರಾಮಿಕ ರೋಗಗಳ ಸಮೀಕ್ಷೆಯಲ್ಲಿಯೂ 18ರಿಂದ 69 ವರ್ಷದೊಳಗಿನ ಒಬ್ಬರನ್ನು ಇದೇ ವಿಧಾನದಿಂದ ಆರಿಸಲಾಯಿತು.

ಮೂಲ ವಿಧಾನದಲ್ಲಿ ಎ, ಬಿ1, ಬಿ2, ಸಿ, ಡಿ, ಇ1, ಇ2, ಎಫ್ ಎಂಬ ಎಂಟು ನಮೂನೆಗಳಿವೆ. ಪ್ರತಿ ಹನ್ನೆರಡು ಮನೆಗಳಿಗೆ ಎ, ಸಿ, ಡಿ, ಎಫ್ ತಲಾ ಎರಡು, ಉಳಿದ ನಾಲ್ಕು ತಲಾ ಒಂದರಂತೆ ಹಂಚಲ್ಪಡುತ್ತವೆ. ಯಾವ ಮನೆಗೆ ಯಾವ ನಮೂನೆ ಎಂಬುದು ಮೊದಲೇ ನಿಗದಿಯಾಗಿರುತ್ತದೆ. ಸಮೀಕ್ಷಕರು ಮೊದಲು ಪುರುಷರನ್ನು ಹಿರಿಯರಿಂದ ಕಿರಿಯರಿಗೆ, ನಂತರ ಮಹಿಳೆಯರನ್ನು ಅದೇ ಕ್ರಮದಲ್ಲಿ ಬರೆದು ಸಂಖ್ಯೆ ಕೊಡುತ್ತಾರೆ.

ಉದಾಹರಣೆಗೆ ಒಂದು ಮನೆಯಲ್ಲಿ 60 ವರ್ಷದ ತಾಯಿ, 41 ವರ್ಷದ ಹಿರಿಯ ಮಗ, 36 ವರ್ಷದ ಸೊಸೆ, 34 ವರ್ಷದ ಕಿರಿಯ ಮಗ ಇದ್ದಾರೆಂದು ಭಾವಿಸೋಣ. ಹಿರಿಯ ಮಗ 1, ಕಿರಿಯ ಮಗ 2, ತಾಯಿ 3, ಸೊಸೆ 4. ನಾಲ್ವರಿರುವ ಮನೆಗೆ ಎ ಮತ್ತು ಬಿ1 ನಮೂನೆ ಬಂದರೆ 1ನೇ ಸದಸ್ಯರು, ಬಿ2 ಮತ್ತು ಸಿ ಬಂದರೆ 2ನೇಯವರು, ಡಿ ಮತ್ತು ಇ1 ಬಂದರೆ 3ನೇಯವರು, ಇ2 ಮತ್ತು ಎಫ್ ಬಂದರೆ 4ನೇಯವರು. ಹನ್ನೆರಡರಲ್ಲಿ ಮೂರರಂತೆ ಎಲ್ಲರಿಗೂ ಸಮಾನ ಅವಕಾಶ. ಈ ಮನೆಗೆ ಸಿ ನಮೂನೆ ಬಂದಿದ್ದರೆ ಪಾಳಿಗೆ ಹೋಗಿರುವ ಕಿರಿಯ ಮಗನೇ ಉತ್ತರಿಸತಕ್ಕದ್ದು. ಐವರಿರುವ ಮನೆಯಲ್ಲಿ ಮಾತ್ರ ಈ ಪಟ್ಟಿಯು ಪೂರ್ಣ ಸಮಾನವಲ್ಲ. ಹನ್ನೆರಡು ಐದರಿಂದ ಭಾಗವಾಗದ ಕಾರಣ 3 ಮತ್ತು 5ನೇ ಸದಸ್ಯರಿಗೆ ತುಸು ಹೆಚ್ಚು ಅವಕಾಶವಿರುತ್ತದೆ. ಟ್ಯಾಬ್ಲೆಟ್ ಬಳಸುವಲ್ಲಿ ಈ ತೊಡಕು ಉಳಿಯುವುದಿಲ್ಲ.

ಇತ್ತೀಚೆಗೆ ಹುಟ್ಟುಹಬ್ಬ ಆಚರಿಸಿಕೊಂಡವರನ್ನು ಆರಿಸುವ ಸುಲಭ ವಿಧಾನವೊಂದು ಹೊರದೇಶಗಳಲ್ಲಿದೆ. ಶಾಲೆಗೆ ಸೇರಿಸುವಾಗ ಜೂನ್ 1 ಎಂದು ಬರೆಸಿದ ಜನ್ಮದಿನಾಂಕಗಳು ಇನ್ನೂ ಚಾಲ್ತಿಯಲ್ಲಿರುವ ನಮ್ಮ ಮನೆಗಳಿಗೆ ಅದು ಹೊಂದುವುದು ಕಷ್ಟ.

ಆಯ್ಕೆಯಾದವರು ಮನೆಯಲ್ಲಿ ಇಲ್ಲದಿದ್ದರೆ

ಅವರ ಬದಲಿಗೆ ಅಣ್ಣ, ಅತ್ತಿಗೆ ಅಥವಾ ನೆರೆಯವರು ಉತ್ತರಿಸುವಂತಿಲ್ಲ. ಸಮೀಕ್ಷಕರು ಮತ್ತೆ ಬರುತ್ತಾರೆ. ಸಾಮಾನ್ಯವಾಗಿ ಮೂರು ಬಾರಿಯಾದರೂ ಪ್ರಯತ್ನಿಸುವುದು ರೂಢಿ. ಆಯ್ಕೆಯಾದವರ ಪಾಳಿಯ ವೇಳೆ, ವಾರದ ರಜೆಯ ದಿನ ಮತ್ತು ಅವರು ಎಚ್ಚರವಿರುವ ಹೊತ್ತನ್ನು ತಿಳಿಸಿದರೆ ಸಾಕು, ಅದೇ ದೊಡ್ಡ ಸಹಕಾರ. ನಾಲ್ವರ ಪೈಕಿ ಆಯ್ಕೆಯಾದ ಒಬ್ಬರ ಉತ್ತರವನ್ನು ಲೆಕ್ಕದಲ್ಲಿ ನಾಲ್ಕರಿಂದ ಗುಣಿಸಲಾಗುತ್ತದೆ. ಒಂಟಿಯಾಗಿರುವವರ ಉತ್ತರವನ್ನು ಒಂದರಿಂದ. ಹೀಗಾಗಿ ಬದಲಿ ವ್ಯಕ್ತಿಯ ಉತ್ತರದಿಂದ ಆಗುವ ತಪ್ಪೂ ನಾಲ್ಕು ಪಟ್ಟಾಗುತ್ತದೆ.

ಕೆಲವು ಪ್ರಶ್ನೆಗಳಲ್ಲಿ ಒಬ್ಬರನ್ನೇ ಕೇಳುವುದಕ್ಕೆ ಇದಕ್ಕಿಂತ ಗಂಭೀರವಾದ ಕಾರಣವಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕೌಟುಂಬಿಕ ದೌರ್ಜನ್ಯದ ಪ್ರಶ್ನೆಗಳನ್ನು ಆಯ್ದ ಮನೆಗಳಲ್ಲಿ ಒಬ್ಬ ಮಹಿಳೆಗೆ ಮಾತ್ರ, ಅದೂ ಏಕಾಂತದಲ್ಲಿ ಕೇಳಲಾಗುತ್ತದೆ. ಏಕಾಂತ ದೊರೆಯದಿದ್ದರೆ ಆ ಭಾಗವನ್ನು ಕೈಬಿಡಲಾಗುತ್ತದೆ. ಒಂದೇ ಮನೆಯ ಇಬ್ಬರನ್ನು ಕೇಳಿದರೆ ಪ್ರಶ್ನೆಯ ವಿಷಯ ಮನೆಯಲ್ಲಿ ಹರಡಿ, ಉತ್ತರಿಸಿದವರಿಗೆ ತೊಂದರೆಯಾಗಬಹುದು. ಸಂದರ್ಶನದ ವೇಳೆ ಸ್ವಲ್ಪ ಹೊತ್ತು ಹೊರಗಿರಿ ಎಂದು ಸಮೀಕ್ಷಕರು ಕೋರಿದಲ್ಲಿ ಕುಟುಂಬದವರು ಅನ್ಯಥಾ ಭಾವಿಸಬಾರದು.

ಪಡಿತರ ಚೀಟಿ, ಪಿಂಚಣಿ ಇತ್ಯಾದಿ

ಆರೋಗ್ಯ ಸಮೀಕ್ಷೆಗಳಲ್ಲಿ ಭಾಗವಹಿಸುವುದು ಸ್ವಇಚ್ಛೆಯದು; ಒಪ್ಪಿಗೆ ಪಡೆದ ನಂತರವೇ ಪ್ರಶ್ನೆ ಆರಂಭವಾಗಬೇಕು. ನಿರಾಕರಿಸಿದ ಕಾರಣಕ್ಕೆ ಯಾವುದೇ ಸೌಲಭ್ಯ ನಿಲ್ಲುವುದಿಲ್ಲ. ಉತ್ತರಿಸಿದ ಕಾರಣಕ್ಕೆ ಹೊಸದಾಗಿ ಮಂಜೂರಾಗುವುದೂ ಇಲ್ಲ. 2008ರ ಅಂಕಿ ಅಂಶಗಳ ಸಂಗ್ರಹಣಾ ಅಧಿನಿಯಮದನ್ವಯ ನಡೆಯುವ ಸಮೀಕ್ಷೆಗಳಲ್ಲಿ ಮಾಹಿತಿ ನೀಡುವುದು ಕಡ್ಡಾಯವಾಗಿರಬಹುದು. ಆದರೆ ಆ ಮಾಹಿತಿಯನ್ನು ಸಾಂಖ್ಯಿಕ ಉದ್ದೇಶಕ್ಕೆ ಮಾತ್ರ ಬಳಸಬೇಕೆಂದು ಅದೇ ಅಧಿನಿಯಮ ವಿಧಿಸುತ್ತದೆ. ಬಂದವರ ಗುರುತಿನ ಚೀಟಿ ಮತ್ತು ಅಧಿಕಾರ ಪತ್ರವನ್ನು ಕೇಳಿ ನೋಡುವ ಹಕ್ಕು ನಾಗರಿಕರಿಗಿದೆ. ಒ.ಟಿ.ಪಿ., ಎ.ಟಿ.ಎಂ. ಕಾರ್ಡಿನ ಗುಪ್ತ ಸಂಖ್ಯೆ ಅಥವಾ ಹಣವನ್ನು ಯಾರಾದರೂ ಕೇಳಿದಲ್ಲಿ ಕೊಡದೆ, ಸಮೀಪದ ಪೊಲೀಸ್ ಠಾಣೆಗೆ ತಿಳಿಸತಕ್ಕದ್ದು.